ಜೀಪಿನ ಕ್ಯಾಸೆಟ್ಟಿನಲ್ಲಿ ಇರದ ಎರಡು ಸಾಲು

ಆಗೆಲ್ಲ ಹಾಡು ಕೇಳುವುದೆಂದರೆ ಎಲ್ಲರೂ ಒಟ್ಟಿಗೆ ಕೇಳುವುದು, ಆ ಸುಖವೇ ಬೇರೆ ಎಂದು ನಮ್ಮ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ವಾರಕ್ಕೊಬ್ಬರಾದರೂ ಬರೆಯುತ್ತಾರೆ. ನನಗೆ ಇದರಲ್ಲಿ ತಕರಾರಿದೆ. ನಾವು ಒಟ್ಟಿಗೆ ಕೇಳುತ್ತಿದ್ದದ್ದು ನಮ್ಮ ದೊಡ್ಡ ಗುಣದಿಂದಲ್ಲ, ಇಡೀ ದಾರಿಗೆ ಒಂದೇ ಟೇಪ್ ರೆಕಾರ್ಡರ್ ಇದ್ದದ್ದರಿಂದ. ಬೇರೆ ಗತಿಯಿಲ್ಲದೆ ಮಾಡಿದ್ದಕ್ಕೆ ಸಂಸ್ಕೃತಿ ಎಂದು ಹೆಸರಿಡುವುದಾದರೆ, ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಹೋದದ್ದಕ್ಕೂ ಯೋಗಾಸನ ಎನ್ನಬೇಕಾಗುತ್ತದೆ.

ಅದಿರಲಿ. ಆ ಗುಂಪಿನಲ್ಲಿ ಇನ್ನೊಂದು ಕತೆಯೂ ಆಗಾಗ ತಿರುಗುತ್ತದೆ. ಐದನೇ ಕ್ಲಾಸಿನ ಸ್ಕೂಲ್ ಡೇಯಲ್ಲಿ ಜೀಪು ಮಕ್ಕಳ ಡ್ಯಾನ್ಸಿನ ನಡುವೆ ಕ್ಯಾಸೆಟ್ ಹಾರಿ ಎರಡು ಸಾಲೇ ಮಾಯವಾಯಿತಂತೆ, ಆದರೂ ಆ ಐದು ಮಕ್ಕಳು ಹೆಜ್ಜೆ ತಪ್ಪಲಿಲ್ಲವಂತೆ. ಕೆಳಗೆ ಸಾಲಾಗಿ ಚಪ್ಪಾಳೆ ತಟ್ಟುವ ಕೈಗಳು. ಆ ಐವರಲ್ಲಿ ನಾನೂ ಒಬ್ಬಳು. ಹೊಗಳಿಕೆಯನ್ನು ಬೇಡ ಎನ್ನಲು ಮನಸ್ಸಿಲ್ಲ. ಆದರೆ ಅವತ್ತು ಕ್ಯಾಸೆಟ್ ಹಾರಲಿಲ್ಲ.

ಮೂಡಿಗೆರೆಯಿಂದ ಒಳಗಿನ ಎಸ್ಟೇಟುಗಳ ಕಡೆಗೆ ಓಡುತ್ತಿದ್ದ ಜೀಪು ರುದ್ರಣ್ಣನದು. ಬೆಳಿಗ್ಗೆ ನಮ್ಮನ್ನು ಶಾಲೆಗೆ ತಂದು ಸುರಿಯುವುದು, ಸಂಜೆ ನಾಲ್ಕೂಕಾಲಿಗೆ ತುಂಬಿಕೊಂಡು ಹೊರಡುವುದು. ಮುಂದಿನ ಸೀಟು ವನಜಕ್ಕನದು. ಪೇಟೆಯ ಟೈಲರಿಂಗ್ ಅಂಗಡಿಯಲ್ಲಿ ರವಿಕೆ ಹೊಲಿಯುತ್ತಿದ್ದರು, ದಿನಾ ನಮ್ಮ ಜೊತೆಗೇ ಹೋಗಿಬರುತ್ತಿದ್ದರು. ಹಿಂದೆ ಎದುರುಬದುರು ಎರಡು ಬೆಂಚು. ಅಲ್ಲಿ ದೊಡ್ಡವರು, ಅವರ ಸಂತೆ ಚೀಲಗಳು, ಚೀಲಗಳ ಸಂದಿಯಲ್ಲಿ ನಾವು. ಆಗ ಕಾಫಿ ಹಣ್ಣು ಕುಯ್ಯುವ ಕಾಲ. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯಿಂದ ಬರುವ ಹುಳಿ ಹುಳಿ ವಾಸನೆ, ಡೀಸೆಲ್ ವಾಸನೆ, ರುದ್ರಣ್ಣ ದೇವರ ಪಟಕ್ಕೆ ಸಿಕ್ಕಿಸಿದ ಊದುಬತ್ತಿಯ ವಾಸನೆ ಎಲ್ಲ ಒಟ್ಟಿಗೆ ಮೂಗಿಗೆ ಬರುತ್ತಿತ್ತು. ಜೊತೆಗೆ ಕಿತ್ತಳೆ. ತೋಟದಲ್ಲಿ ಸಿಕ್ಕಿದ ಕಿತ್ತಳೆಯನ್ನು ಸುಲಿದು ತಿಂದು, ಸಿಪ್ಪೆಯನ್ನು ಮಡಚಿ ಎದುರಿನವರ ಕಣ್ಣಿಗೆ ಚುರ್ ಎಂದು ಹಿಂಡುವುದು ನಮ್ಮ ಮುಖ್ಯ ಆಟ. ಕಣ್ಣು ಕೆಂಪಗಿಲ್ಲದೆ ಮನೆಗೆ ಹೋದ ದಿನ ಅಮ್ಮ ಹಣೆ ಮುಟ್ಟಿ ನೋಡುತ್ತಿದ್ದಳು.

ಜೀಪಿನಲ್ಲಿದ್ದದ್ದು ಒಂದೇ ಕ್ಯಾಸೆಟ್ಟು. ಪೇಟೆಯಲ್ಲಿ ಸಿ.ಡಿ. ಬಂದಾಗಿತ್ತು, ನಮ್ಮ ದಾರಿಗೆ ಇನ್ನೂ ಬಂದಿರಲಿಲ್ಲ. ಬೇರೆ ಹಾಡು ಹಾಕಿ ಎಂದರೆ ರುದ್ರಣ್ಣ, "ಇದು ಪೂರ್ತಿ ಬಾಯಿಪಾಠ ಆಗ್ಲಿ, ಆಮೇಲೆ ನೋಡನ" ಅನ್ನುತ್ತಿದ್ದ. ಬಾಯಿಪಾಠ ಆಗಿ ವರ್ಷವಾಗಿತ್ತು. ಎಷ್ಟರಮಟ್ಟಿಗೆ ಎಂದರೆ ನಮ್ಮ ಮನೆಗಳಿಗೆ ಕಿಲೋಮೀಟರಿನ ಲೆಕ್ಕವೇ ಇರಲಿಲ್ಲ. ನನ್ನ ಕ್ಲಾಸಿನ ಕಿರಣನ ಮನೆ ಐದನೇ ಹಾಡು, ನಮ್ಮದು ಆರನೆಯದರ ಕೊನೆ.

ನಾಲ್ಕನೆಯದು ನಮ್ಮ ರಾಷ್ಟ್ರಗೀತೆ. ಸಿನಿಮಾದ್ದಲ್ಲ, ಆಗ ಹೊಸದಾಗಿ ಬಂದಿದ್ದ ಯಾವುದೋ ಆಲ್ಬಮ್ಮಿನದು. ಗಿಟಾರು, ತಮಟೆ, ನಡುನಡುವೆ ಸೈಕಲ್ ಬೆಲ್ಲು. ಅದರಲ್ಲಿ ಹೀಗೆ ಬರುತ್ತಿತ್ತು:

ನೀನು ನಕ್ಕ ಹೊತ್ತಿಗೆ ನನ್ನ
ಸೈಕಲ್ ಟೈರು ಪಂಕ್ಚರ್ ಆಯ್ತು

ಇದರ ಅರ್ಥವೇನು ಎಂದು ಜೀಪಿನಲ್ಲಿ ದೊಡ್ಡ ಚರ್ಚೆಯೇ ಆಗಿತ್ತು.

"ಅವ್ಳು ಅಷ್ಟು ಜೋರಾಗಿ ನಕ್ಕಿರ್ಬೇಕು" ಎಂದ ಕಿರಣ.

"ನಗುವಿಗೂ ಟೈರಿಗೂ ಎಂತ ಸಂಬಂಧ? ನಗು ಏನು ಮೊಳೆಯಾ?" ನಾನು.

"ಬಂದ್ರು ನೋಡಿ ವಕೀಲ್ರು" ಎಂದ ರುದ್ರಣ್ಣ. ಅದು ನನಗೆ ಅವನಿಟ್ಟ ಹೆಸರು. "ಪ್ರೀತೀಲಿ ಹಂಗೇ ಮಾರಾಯ್ತಿ. ಗಾಳಿ ಎಲ್ಲಿಂದ ಹೋಗ್ತದೆ ಅಂತ ಗೊತ್ತಾಗದಿಲ್ಲ."

ವನಜಕ್ಕ ಕಿಟಕಿಯ ಕಡೆ ತಿರುಗಿ ನಕ್ಕರು. ಕಿರಣ ಕೂಡಲೇ ಇಣುಕಿ ಜೀಪಿನ ಟೈರು ನೋಡಿದ.

ಆ ವರ್ಷ ನಮಗೊಂದು ಆಸೆ ಹುಟ್ಟಿತು: ಸ್ಕೂಲ್ ಡೇ ದಿನ ಸ್ಟೇಜು ಹತ್ತಬೇಕು. ಇದೇನು ಮಹಾ ಎನ್ನಬೇಡಿ. ಪ್ರಾಕ್ಟೀಸು ನಡೆಯುತ್ತಿದ್ದದ್ದು ಶಾಲೆ ಬಿಟ್ಟ ಮೇಲೆ. ರುದ್ರಣ್ಣ ನಾಲ್ಕೂಕಾಲಿಗೆ ಯಾರಿಗೂ ಕಾಯುವವನಲ್ಲ. ಹಾಗಾಗಿ ಪೇಟೆ ಮಕ್ಕಳು ಪ್ರತಿವರ್ಷ ಜರಿ ಲಂಗ ಹಾಕಿಕೊಂಡು ಕುಣಿಯುವುದು, ಜೀಪು ಮಕ್ಕಳು ಪ್ರತಿವರ್ಷ ಬೆಂಚು ಹೊರುವುದು. ನಾನು ಶೈಲಾ ಮಿಸ್ ಹತ್ತಿರ ಹೋದೆ.

"ಪ್ರಾಕ್ಟೀಸಿಗೆ ನಿಲ್ಲಕ್ಕಾಗಲ್ಲ ಅಂದ್ಮೇಲೆ ಹೇಗಮ್ಮಾ ಸೇರಿಸ್ಕೊಳ್ಳೋದು?"

"ಜೀಪಲ್ಲೇ ಮಾಡ್ತೀವಿ ಮಿಸ್."

"ಜೀಪಲ್ಲಿ ಡ್ಯಾನ್ಸಾ?"

"ಈಗ ಕೈ ಮಾತ್ರ ಕಲಿತೀವಿ ಮಿಸ್. ಕಾಲು ಆಮೇಲೆ ಸೇರಿಸ್ತೀವಿ."

ಮಿಸ್ಸಿಗೆ ನಗು ತಡೆಯಲಾಗಲಿಲ್ಲ. ಸೋಮವಾರ ತೋರಿಸಿ, ಚೆನ್ನಾಗಿದ್ದರೆ ಒಂದು ಜಾಗ ಎಂದರು.

ಆ ವಾರದಷ್ಟು ಸುಖವಾದ ವಾರ ನನ್ನ ಬಾಲ್ಯದಲ್ಲಿ ಇನ್ನೊಂದಿಲ್ಲ. ತಿರುವು ಬಂದಾಗ ಎಲ್ಲರೂ ಒಟ್ಟಿಗೆ ವಾಲುತ್ತಿದ್ದೆವು, ಅದನ್ನೇ ಒಂದು ಹೆಜ್ಜೆ ಮಾಡಿಕೊಂಡೆವು. ಪಂಕ್ಚರ್ ಬರುವಲ್ಲಿ ಏನು ಮಾಡಬೇಕೆಂದು ಹೇಳಿಕೊಟ್ಟದ್ದು ವನಜಕ್ಕ. ಮುಂದಿನ ಸೀಟಿನಿಂದ ಹಿಂತಿರುಗಿ, "ಕಿರಣ, ನೀನೇ ಟೈರು. ಕೆನ್ನೆ ಊದ್ಸು. ಹ್ಞಾಂ. ಈಗ ಟುಸ್ ಅಂತ ಬಿಟ್ಕೊಂಡು ಕೂರು" ಎಂದರು. ಕಿರಣ ಟುಸ್ ಎಂದ ರಭಸಕ್ಕೆ ಅವನ ಬಾಯಲ್ಲಿದ್ದ ಕಿತ್ತಳೆ ತೊಳೆ ಎದುರಿನವರ ಮಡಿಲಿಗೆ ಹೋಗಿ ಬಿತ್ತು. ಅಂಗಡಿಯಲ್ಲಿ ಉಳಿದ ಲೈನಿಂಗ್ ಬಟ್ಟೆಯಲ್ಲಿ ನಮಗೆ ಐದು ಬಣ್ಣದ ಟೋಪಿ ಹೊಲಿದುಕೊಡುತ್ತೇನೆ ಎಂದೂ ಹೇಳಿದರು.

ಸೋಮವಾರ ಕ್ಲಾಸಿನ ಮುಂದೆ ಹಾಡಿಕೊಂಡು ಕುಣಿದೆವು. ಎಲ್ಲರೂ ಬಿದ್ದುಬಿದ್ದು ನಕ್ಕರು. ಅಷ್ಟರಲ್ಲಿ ಸ್ಫೂರ್ತಿ ಎದ್ದು ನಿಂತಳು. ಬಸ್ ಸ್ಟ್ಯಾಂಡಿನ ಎದುರು ಅವಳಪ್ಪನ ಫ್ಯಾನ್ಸಿ ಸ್ಟೋರು. ಅವರ ಮನೆಯಲ್ಲಿ ಕೇಬಲ್ಲೂ ಇತ್ತು, ಸಿ.ಡಿ. ಪ್ಲೇಯರೂ ಇತ್ತು.

"ಮಿಸ್, ಇವ್ರು ಹಾಡಿದ್ದೇ ತಪ್ಪು. ಮಧ್ಯ ಎರಡು ಸಾಲು ಬಿಟ್ಟಿದಾರೆ."

"ಸಾಕ್ಷಿ?" ಎಂದೆ. ಆಗಲೇ ನನಗೆ ಆ ರೋಗ ಇತ್ತು.

ಮರುದಿನ ಅವಳು ಸಿ.ಡಿ. ಪ್ಲೇಯರನ್ನೇ ಹೊತ್ತು ತಂದಳು. ಸ್ಟಾಫ್ ರೂಮಿನಲ್ಲಿ ಹಾಕಿದರು:

ನೀನು ನಕ್ಕ ಹೊತ್ತಿಗೆ ನನ್ನ
ಎದೆಯ ಬೆಲ್ಲು ಹೊಡಕಂತಲ್ಲೇ ವನಜಾ
ನಿನ್ನ ಅಣ್ಣ ಬಂದ ಹೊತ್ತಿಗೆ ನನ್ನ
ಸೈಕಲ್ ಟೈರು ಪಂಕ್ಚರ್ ಆಯ್ತು

ಅಲ್ಲಿಗೆ ಟೈರಿನ ರಹಸ್ಯ ಬಯಲಾಯಿತು. ಗಾಳಿ ತೆಗೆದದ್ದು ಹುಡುಗಿಯ ನಗುವಲ್ಲ, ಅವಳ ಅಣ್ಣ. ಮಿಸ್ ಹೇಳಿದರು, "ಪೂರ್ತಿ ಹಾಡಿಗೆ ಮಾಡ್ತೀರಾದ್ರೆ ಮಾಡಿ. ಅರ್ಧಂಬರ್ಧ ಹಾಡಿಗೆ ಸ್ಟೇಜ್ ಕೊಡಕ್ಕಾಗಲ್ಲ. ಸ್ಫೂರ್ತಿ ಗುಂಪಿನವ್ರೂ ಕೇಳ್ತಿದಾರೆ."

ಸೋತೆ ಎಂದು ನನಗೆ ಅನ್ನಿಸಲಿಲ್ಲ. ಹೊಸದೊಂದು ಕಂಡುಹಿಡಿದೆ ಅನ್ನಿಸಿತು. ಅದೇ ತಪ್ಪಾಯಿತು. ಸಂಜೆ ಜೀಪು ತುಂಬ ಜನ. ಹತ್ತಿದವಳೇ ಎಲ್ಲರಿಗೂ ಕೇಳುವಂತೆ ಕೂಗಿದೆ:

"ರುದ್ರಣ್ಣ, ನಿಮ್ ಕ್ಯಾಸೆಟ್ಟಲ್ಲಿ ಎರಡು ಸಾಲೇ ಇಲ್ಲ! ಅದ್ರಲ್ಲಿ ವನಜಕ್ಕನ ಹೆಸ್ರು ಬರ್ತದೆ! ಎದೆಯ ಬೆಲ್ಲು ಹೊಡಕಂತಲ್ಲೇ ವನಜಾ ಅಂತ!"

ಹಿಂದಿನ ಬೆಂಚಿನಲ್ಲಿ ಎಸ್ಟೇಟಿನ ಹಾಜರಿ ಬರೆಯುವ ರೈಟರು ಕೂತಿದ್ದರು. ಅವರಿಗೆ ಇಷ್ಟು ಸಾಕಾಯಿತು. "ಓಹೋಹೋ, ಹೌದನಾ? ಯಾರ ಎದೆ ಬೆಲ್ಲು ಹೊಡೀತಪ್ಪ? ಅದಕ್ಕೇ ಇರ್ಬೇಕು ಮುಂದಿನ ಸೀಟು ಯಾವಾಗ್ಲೂ ರಿಸರ್ವು!" ಎಂದು ಆ ಸಾಲನ್ನು ರಾಗವಾಗಿ ಎಳೆದರು. ಪಕ್ಕದವರೂ ದನಿ ಸೇರಿಸಿದರು. ಯಾರೋ ಬಾಯಲ್ಲೇ ಬೆಲ್ಲು ಬಾರಿಸಿದರು.

ವನಜಕ್ಕ ತಿರುಗಿ ನೋಡಲಿಲ್ಲ. ನನಗೆ ಕಂಡದ್ದು ಅವರ ಕಿವಿ ಮಾತ್ರ. ಅದು ಕೆಂಪಾಗಿತ್ತು.

ರುದ್ರಣ್ಣ ರಸ್ತೆ ಪಕ್ಕಕ್ಕೆ ಜೀಪು ನಿಲ್ಲಿಸಿದ. ಇಂಜಿನ್ ಆರಿಸಿದ. "ರೈಟ್ರೇ, ಇನ್ನೊಂದ್ಸಲ ಆ ಸಾಲು ಬಂದ್ರೆ ನೀವು ಇಲ್ಲೇ ಇಳೀಬೇಕಾಗ್ತದೆ. ಗಾಡಿ ನಂದು."

"ತಮಾಷೆ ಮಾರಾಯ. ಹಾಡಲ್ಲಿ ಇದ್ದದ್ದೇ ಅಲ್ವಾ?"

"ನನ್ ಕ್ಯಾಸೆಟ್ಟಲ್ಲಿ ಇಲ್ಲ."

"ಎಂತಕ್ಕೆ ಇಲ್ಲ?" ಎಂದು ಕೇಳಿದವಳು ನಾನು. ನಾಲಿಗೆ ಕಚ್ಚಿಕೊಳ್ಳುವ ಬುದ್ಧಿ ಆಗ ಇರಲಿಲ್ಲ, ಈಗಲೂ ಕಡಿಮೆಯೇ.

"ಪ್ಲೇಯರ್ ತಿಂದದ್ದು ಮಾರಾಯ್ತಿ. ಕತ್ತರಿಸಿ ಅಂಟಿಸಿದೆ" ಎಂದು ಹೇಳಿ ಜೀಪು ಸ್ಟಾರ್ಟ್ ಮಾಡಿದ. ಅವತ್ತು ಹಾಡು ಹಾಕಲಿಲ್ಲ. ನಮ್ಮ ಮನೆ ಎಷ್ಟು ದೂರ ಎಂದು ಮೊದಲ ಸಲ ಗೊತ್ತಾಯಿತು.

ಮರುದಿನ ವನಜಕ್ಕ ಜೀಪಿಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೇ ದಿನ ಬೆಳಿಗ್ಗೆ ಬಂದರು. ಅಷ್ಟರಲ್ಲಿ ನನಗೊಂದು ವಿಷಯ ಅರ್ಥವಾಗಿತ್ತು. ಪೂರ್ತಿ ಹಾಡಿಗೆ ಕುಣಿದರೆ ನಮಗೆ ಸ್ಟೇಜು ಸಿಗುತ್ತದೆ. ಸ್ಕೂಲ್ ಡೇಗೆ ಬರುವ ಇಡೀ ದಾರಿಯ ಜನ ಆ ಸಾಲನ್ನು ಮನೆಗೆ ಒಯ್ಯುತ್ತಾರೆ. ನಮ್ಮ ಹಾಡಿಗೇ ಅಂಟಿಕೊಂಡರೆ ಮತ್ತೆ ಬೆಂಚು ಹೊರುವುದೇ.

ಶೈಲಾ ಮಿಸ್ ಹತ್ತಿರ ಹೋಗಿ ನಮ್ಮ ಹಾಡಿಗೇ ಮಾಡುತ್ತೇವೆ ಎಂದೆ.

"ಯಾಕೆ? ತಪ್ಪು ಅಂತ ಗೊತ್ತಾಯ್ತಲ್ಲ."

ನಿಜವಾದ ಕಾರಣ ಹೇಳುವಂತಿರಲಿಲ್ಲ. ಹೇಳಿದರೆ ಸ್ಟಾಫ್ ರೂಮಿನಲ್ಲೂ ಆ ಹೆಸರು ಆಡಿದಂತಾಗುತ್ತಿತ್ತು. ಆಮೇಲೆ ಕಾಲೇಜಿನಲ್ಲಿ ಎಷ್ಟೋ ಚರ್ಚಾ ಸ್ಪರ್ಧೆಗಳಲ್ಲಿ ಮಾತಾಡಿದ್ದೇನೆ, ಕಪ್ಪುಗಳೂ ಬಂದಿವೆ. ಅಷ್ಟು ಒದ್ದಾಡಿ ಹುಡುಕಿದ ವಾದ ಇನ್ನೊಂದಿಲ್ಲ.

"ಮಿಸ್, ಸಿ.ಡಿ. ಹಾಡಲ್ಲಿ ಅವಳಣ್ಣ ಬಂದ, ಟೈರಿನ ಗಾಳಿ ತೆಗೆದ. ಅದ್ರಲ್ಲಿ ಎಂತ ಇದೆ? ಯಾರಣ್ಣ ಬಂದ್ರೂ ತೆಗೀತಾನೆ. ನಕ್ಕಿದ್ದಕ್ಕೇ ಪಂಕ್ಚರ್ ಆಗೋದು ನಮ್ಮ ಹಾಡಲ್ಲಿ ಮಾತ್ರ ಮಿಸ್. ಕ್ಲಾಸಲ್ಲಿ ಎಲ್ರೂ ನಕ್ಕಿದ್ದೂ ಅದಕ್ಕೇ."

ಮಿಸ್ ಪೆನ್ನಿನ ಕ್ಯಾಪು ತೆಗೆದರು. "ಇಷ್ಟೇನಾ ಕಾರಣ?"

"ಇಷ್ಟೇ ಮಿಸ್."

"ಸುಳ್ಳು ಹೇಳೋವಾಗ ನಿನ್ನ ವಾದ ಇನ್ನೂ ಚೆನ್ನಾಗಿರ್ತದೆ" ಎಂದು ಪಟ್ಟಿಯಲ್ಲಿ ನಮ್ಮ ಹೆಸರು ಬರೆದುಕೊಂಡರು.

ಸಂಜೆ ಜೀಪಿನಲ್ಲಿ, ಯಾರಿಗೆ ಕೇಳಬೇಕೋ ಅವರಿಗೆ ಕೇಳುವಷ್ಟು ಜೋರಾಗಿ ಕಿರಣನಿಗೆ ಹೇಳಿದೆ: "ನಮ್ ಕ್ಯಾಸೆಟ್ಟಿಂದೇ ಹಾಡು, ಬೇರೆ ಎಂತದೂ ಇಲ್ಲ." ಮೂರನೇ ಹಾಡಿನ ನಡುವೆ ವನಜಕ್ಕ ಹಿಂತಿರುಗಿದರು.

"ಹಂಗಾದ್ರೆ ಟೋಪಿ ಅಳತೆ ಕೊಡದಿಲ್ವಾ? ಎಲ್ಲಿ, ಟೈರಿನ ತಲೆ ತೋರ್ಸು."

ಸ್ಕೂಲ್ ಡೇ ದಿನ ರುದ್ರಣ್ಣ ನಾಲ್ಕೂಕಾಲಿಗೆ ಹೊರಡಲಿಲ್ಲ. ಕ್ಯಾಸೆಟ್ಟನ್ನು ಮೈಕಿನವರಿಗೆ ತಾನೇ ಕೊಟ್ಟು, ನಾಲ್ಕನೇ ಹಾಡು ಎಲ್ಲಿ ಶುರುವಾಗುತ್ತದೆ ಎಂದು ಅವರಿಗೆ ಹತ್ತು ಸಲ ಹೇಳಿ, ಕಂಬಕ್ಕೊರಗಿ ನಿಂತ. ವನಜಕ್ಕ ಎರಡನೇ ಸಾಲಿನಲ್ಲಿ ಕೂತಿದ್ದರು. ನಾವು ತಿರುವುಗಳಿಗೆ ವಾಲಿದೆವು, ಕಿರಣ ಟುಸ್ ಎಂದು ಕೂತ, ಅವನ ಟೋಪಿ ಬಿದ್ದು ಉರುಳಿತು. ಅದೂ ಡ್ಯಾನ್ಸಿನ ಭಾಗ ಎಂದುಕೊಂಡು ಜನ ಶಿಳ್ಳೆ ಹೊಡೆದರು. ಪೂರ್ತಿ ಹಾಡು ಗೊತ್ತಿದ್ದವರು ಕ್ಯಾಸೆಟ್ ಹಾರಿತು ಅಂದುಕೊಂಡರು. ಇಲ್ಲ ಎಂದು ನಾವು ಹೇಳಲಿಲ್ಲ. ಆ ಸುಳ್ಳೇ ಈಗ ಚಪ್ಪಾಳೆಯ ಕೈಗಳ ಜೊತೆ ವಾಟ್ಸಾಪಿನಲ್ಲಿ ಓಡಾಡುತ್ತಿದೆ.

ಇನ್ನೊಂದು ಸುಳ್ಳು ಹೊಳೆದದ್ದು ತೀರಾ ಇತ್ತೀಚೆಗೆ. ಟೇಪನ್ನು ಕತ್ತರಿಸಿ ಅಂಟಿಸಿದರೆ ಹಿಂಬದಿಯ ಹಾಡಿನಲ್ಲೂ ಅಷ್ಟೇ ಉದ್ದ ಹೋಗಬೇಕು. ಟೇಪು ಒಂದೇ ತಾನೆ? ಆ ಕ್ಯಾಸೆಟ್ಟಿನ ಇನ್ನೊಂದು ಬದಿಯೂ ನನಗೆ ಬಾಯಿಪಾಠ. ಅದರಲ್ಲಿ ಎಲ್ಲೂ ಒಂದು ಅಕ್ಷರ ಹಾರುವುದಿಲ್ಲ. ಅಂದರೆ ಪ್ಲೇಯರ್ ಏನನ್ನೂ ತಿಂದಿರಲಿಲ್ಲ. ಕ್ಯಾಸೆಟ್ಟಿನ ಮೇಲಿದ್ದದ್ದು ಕಂಪನಿಯವರ ಅಚ್ಚಿನ ಚಿತ್ರವಲ್ಲ, ಕೈಬರಹದ ಚೀಟಿ. ಯಾರೋ ಎರಡು ಟೇಪ್ ರೆಕಾರ್ಡರ್ ಎದುರಿಗಿಟ್ಟುಕೊಂಡು, ಮೊದಲನೇ 'ನನ್ನ'ದ ಹತ್ತಿರ ಗುಂಡಿ ಒತ್ತಿ ರೆಕಾರ್ಡಿಂಗ್ ನಿಲ್ಲಿಸಿ, ಎರಡನೇ 'ನನ್ನ' ಮುಗಿದ ಕೂಡಲೇ ಬಿಟ್ಟಿದ್ದಾರೆ. ತಾಳ ಒಂದು ಚೂರೂ ತಪ್ಪಿಲ್ಲ. ಅದು ಒಂದೇ ಸಲಕ್ಕೆ ಬರುವ ಕೆಲಸವಲ್ಲ.

ಹೋದ ತಿಂಗಳು ಊರಿಗೆ ಹೋದಾಗ ಈ ಪುರಾವೆಯನ್ನೆಲ್ಲ ರುದ್ರಣ್ಣನ ಮುಂದೆ ಇಟ್ಟೆ. ಈಗ ಅವನದು ಗೂಡ್ಸ್ ಆಟೋ. ಪೂರ್ತಿ ಕೇಳಿಸಿಕೊಂಡು, "ಪ್ಲೇಯರ್ ತಿಂದದ್ದು ಮಾರಾಯ್ತಿ" ಎಂದ, ಕಾಫಿ ತರಿಸಿದ. ಇದಕ್ಕೆ ಪ್ರೇಮಕತೆ ಕಟ್ಟುವವರಿದ್ದಾರೆ, ಕಿರಣನೇ ಮೊದಲಿಗ. ನಾನು ಒಪ್ಪುವುದಿಲ್ಲ, ಸಾಕ್ಷಿಯಿಲ್ಲ. ಸಾಕ್ಷಿ ಹೇಳುವುದು ಇಷ್ಟೇ: ಹಿಂದಿನ ಬೆಂಚಿನವರು ಎಂಥವರೆಂದು ಆ ಮನುಷ್ಯನಿಗೆ ಗೊತ್ತಿತ್ತು, ಹಾಡು ಜೀಪಿಗೆ ಬರುವ ಮೊದಲೇ ಅವನು ಆ ಹೆಸರನ್ನು ತೆಗೆದಿದ್ದ.

ಈಗ ಆ ದಾರಿಯಲ್ಲಿ ಜೀಪುಗಳು ಕಡಿಮೆ. ಇರುವವುಗಳಲ್ಲೂ ಎಲ್ಲರ ಕಿವಿಯಲ್ಲೂ ಅವರವರ ಹಾಡು. ಇದರಲ್ಲಿ ಹಾಳಾದದ್ದೇನೂ ಇಲ್ಲ. ರೈಟರಂಥವರ ರಾಗ ಕೇಳಬೇಕಾದ ಪ್ರಾರಬ್ಧವೂ ತಪ್ಪಿದೆ. ಬೇಡದ ಸಾಲನ್ನು ದಾಟಿಸುವ ಗುಂಡಿ ಎಲ್ಲರ ಬೆರಳ ಕೆಳಗೂ ಇದೆ, ನಾನೂ ದಿನಕ್ಕೆ ನೂರು ಸಲ ಒತ್ತುತ್ತೇನೆ. ನನ್ನ ಕಿವಿಗಾಗಿ. ಪಕ್ಕದ ಸೀಟಿನವರಿಗಾಗಿ ಒತ್ತಿದ್ದು ನೆನಪಿಲ್ಲ. ಹೋದದ್ದು ಏನಾದರೂ ಇದ್ದರೆ ಅದೊಂದೇ ಇರಬೇಕು.

ವನಜಕ್ಕ, ನೀವು ಕಳಸದ ಕಡೆ ಸ್ವಂತ ಟೈಲರಿಂಗ್ ಅಂಗಡಿ ಇಟ್ಟಿದ್ದೀರಿ ಎಂದು ಕೇಳಿದೆ. ಇದು ನಿಮ್ಮ ಕೈಗೆ ಸಿಕ್ಕರೆ ಒಂದೇ ಒಂದು ಪ್ರಶ್ನೆ. ಅವತ್ತು ಸಂಜೆ ಜೀಪಿನಲ್ಲಿ ನಾನು ಬಾಯಿ ಬಿಡುವ ಮೊದಲು, ಆ ಹಾಡಿನಲ್ಲಿ ನಿಮ್ಮ ಹೆಸರಿದೆ ಅಂತ ನಿಮಗೆ ಗೊತ್ತಿತ್ತಾ?