ನರ್ಸಮ್ಮನ ಶಾಂಪೂ ಬಿಲ್ಲೆ
ಕಣ್ಣಾಸ್ಪತ್ರೆಯ ನರ್ಸಮ್ಮನ ಮಗಳಿಗೆ ಅಂಗಡಿಯ ಶಾಂಪೂ ಒಗ್ಗುತ್ತಿರಲಿಲ್ಲ. ಹಚ್ಚಿದರೆ ತಲೆಯೆಲ್ಲ ಗುಳ್ಳೆ. ಅದಕ್ಕೇ ನರ್ಸಮ್ಮ ಮನೆಯಲ್ಲೇ ಶಾಂಪೂ ಬಿಲ್ಲೆ ಮಾಡಲು ಹೊರಟಳು. ನೊರೆ ಬರಿಸುವ ಪುಡಿಗೆ ಕೊಬ್ಬರಿ ಎಣ್ಣೆ ಸೇರಿಸಿ, ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕಲಸಿ, ಬಟ್ಟಲಿಗೆ ಒತ್ತಿದಳು. ಮೊದಲ ಸಲ ಪುಡಿಪುಡಿಯಾಯಿತು, ಆಮೇಲೆ ಅಂಟಂಟಾಯಿತು. ರಜೆಗಳೆಲ್ಲ ಅಡುಗೆಮನೆಯಲ್ಲೇ ಕಳೆದ ಮೇಲೆ ಕೊನೆಗೂ ಬಿಲ್ಲೆ ಗಟ್ಟಿಯಾಯಿತು. ಮಗಳ ತಲೆಗೂ ಹಿಡಿಸಿತು.

ಆದರೆ ಬಚ್ಚಲಲ್ಲಿಟ್ಟ ಬಿಲ್ಲೆ ದಿನಾ ನೀರಲ್ಲಿ ನೆಂದು ಲೋಳೆಯಾಗಿರುತ್ತಿತ್ತು. "ನಾನಲ್ಲಮ್ಮ" ಎಂದಳು ಮಗಳು. ಒಂದು ಬೆಳಿಗ್ಗೆ ಗಂಡನ ಕಿವಿಯ ಹಿಂದೆ ನೊರೆ ಕಂಡಿತು.

"ಬೋಳುತಲೆಗೆ ಯಾಕ್ರೀ ಶಾಂಪೂ?"

"ಉಳಿದಿರೋ ನಾಲ್ಕು ಕೂದಲಾದ್ರೂ ಇರ್ಲಿ ಅಂತ ಕಣೇ."

ಅವಳಿಗೆ ನಗು ಬರಲಿಲ್ಲ. "ಹಚ್ಕೊಳ್ಳಿ, ಬೇಡ ಅನ್ನಲ್ಲ. ನೀರಲ್ಲಿ ಮಾತ್ರ ಬಿಡಬೇಡಿ, ನಿಮ್ಮ ದಮ್ಮಯ್ಯ!" ಎಂದವಳೇ ಹೊಸ ಬಿಲ್ಲೆಗೆ ತೂತು ಮಾಡಿ, ದಾರ ಪೋಣಿಸಿ ಅವನ ಕೈಗಿತ್ತಳು. "ಇದನ್ನ ಎಲ್ಲಾದ್ರೂ ನೇತುಹಾಕಿ."

ಆತ ಅವಳ ಮಾತು ಮೀರಲಿಲ್ಲ. ಮರುದಿನ ನೋಡಿದರೆ ಬಿಲ್ಲೆ ಸೋರುವ ನಲ್ಲಿಗೇ ನೇತಾಡುತ್ತಿತ್ತು! ನರ್ಸಮ್ಮ ಹಣೆ ಚಚ್ಚಿಕೊಂಡಳು. ಆಮೇಲೆ ಸುತ್ತಿಗೆ ಹುಡುಕಿ ತಂದು, ತಾನೇ ಗೋಡೆಗೆ ಮೊಳೆ ಹೊಡೆದಳು.