ಲಾರಿಯ ಮೀಟರಿಗೆ ಕುಂಕುಮ

ಬೆಳಗ್ಗೆ ಒಂಬತ್ತು ಗಂಟೆ ಹದಿನೇಳು ನಿಮಿಷಕ್ಕೆ ನಮ್ಮ ಗ್ರಹಚಾರ ಕೆಟ್ಟಿತು. ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಆಗ ನಾನು ಗಡಿಯಾರ ಬಿಟ್ಟು ಬೇರೇನನ್ನೂ ನೋಡುತ್ತಿರಲಿಲ್ಲ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನನ್ನ ಬಿ.ಎಸ್ಸಿ. ಇನ್ನೂ ಬಿಸಿಬಿಸಿಯಾಗಿತ್ತು. ಚೊಚ್ಚಲ ಬಸುರಿ ಅಕ್ಕನನ್ನು ಹೊಸಬಾಳೆಯ ಗಂಡನ ಮನೆಯಿಂದ ಬಳ್ಳಿಗಾವಿಯ ಹತ್ತಿರದ ನಮ್ಮೂರಿಗೆ ಕರೆತರಲು ದೊಡ್ಡಪ್ಪನ ಜೊತೆ ಹೋಗಿದ್ದೆ. ಎತ್ತಿನ ಗಾಡಿಯ ಕುಲುಕಾಟ ಬೇಡ, ಭಾವನ ಲಾರಿಯಲ್ಲೇ ಹೋಗಲಿ, ಆದರೆ ಗಂಟೆಗೆ ಇಪ್ಪತ್ತು ಮೈಲಿ ದಾಟಕೂಡದು ಎಂದು ಸೊರಬದ ಡಾಕ್ಟರು ಹೇಳಿದ್ದರು. ಭಾವ ಹಿಂದಿನ ವಾರವಷ್ಟೇ ಸವೆದ ಟೈರು ತೆಗೆಸಿ, ಅಳತೆಯಲ್ಲಿ ದೊಡ್ಡವನ್ನು ಹಾಕಿಸಿದ್ದರು. ಚಕ್ರ ದೊಡ್ಡದಾದರೆ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಅದು ವೇಗ ತೋರಿಸುವ ಮೀಟರಿಗೆ ತಿಳಿಯುವುದಿಲ್ಲ, ಮುಳ್ಳು ಇಪ್ಪತ್ತು ತೋರಿಸಿದಾಗ ಲಾರಿ ಅದಕ್ಕಿಂತ ಜೋರಾಗಿ ಓಡುತ್ತಿರುತ್ತದೆ ಎಂದು ಊಟಕ್ಕೆ ಕೂತಾಗ ನಾನು ವಿವರಿಸಿದೆ. ವಿವರಿಸು ಎಂದು ಯಾರೂ ಕೇಳಿರಲಿಲ್ಲ.

ಭಾವನ ಕೈಯ ತುತ್ತು ಅಲ್ಲೇ ನಿಂತಿತು. "ಹಂಗಾರೆ ಅದನ್ನ ಸರಿಮಾಡೋದು ಹ್ಯಾಂಗೆ ಮಾರಾಯ?"

ಉಪಾಯವೂ ನನ್ನಲ್ಲೇ ಇತ್ತು. ಮುಳ್ಳನ್ನು ಮೂವತ್ತರಲ್ಲಿ ನಿಲ್ಲಿಸಿ ಒಂದು ಮೈಲಿಗಲ್ಲಿನಿಂದ ಇನ್ನೊಂದಕ್ಕೆ ಓಡಿಸುವುದು. ಮೀಟರು ಸರಿಯಿದ್ದರೆ ಎರಡು ನಿಮಿಷ ಹಿಡಿಯಬೇಕು. ಎಷ್ಟು ಕಡಿಮೆಯೋ ಅಷ್ಟು ಮೀಟರಿನ ಸುಳ್ಳು.

ಮರುದಿನ, ಶನಿವಾರ, ಅಕ್ಕನನ್ನು ಮನೆಯಲ್ಲೇ ಬಿಟ್ಟು ನಾವು ಮೂವರು ಪರೀಕ್ಷೆಗೆ ಹೊರಟೆವು. ಭಾವನ ಕಣ್ಣು ಮುಳ್ಳಿನ ಮೇಲೆ, ನಡುವೆ ಕೂತ ನನ್ನ ಕಣ್ಣು ಗಡಿಯಾರದ ಮೇಲೆ. ಎಡಗಡೆ ಕಲ್ಲು ಬಂದಾಗ ಕೂಗಲು ದೊಡ್ಡಪ್ಪ ಬಾಗಿಲಿನಿಂದ ತಲೆ ಹೊರಗೆ ಹಾಕಿದ್ದರು. ಮೊದಲ ಮೈಲಿಗೆ ಹನ್ನೆರಡು ಸೆಕೆಂಡು ಕಡಿಮೆ ಬಂತು. ಮುಳ್ಳು ಹದಿನೆಂಟರಲ್ಲಿದ್ದರೆ ನಿಜವಾದ ವೇಗ ಇಪ್ಪತ್ತು. ಲೆಕ್ಕ ಮುಗಿದಿತ್ತು, ಮನೆಗೆ ಹೋಗಬಹುದಿತ್ತು. ಆದರೆ ಒಂದೇ ಪ್ರಯೋಗದಿಂದ ಸತ್ಯ ಸಿದ್ಧವಾಗುವುದಿಲ್ಲವೆಂದು ನಮಗೆ ಕಾಲೇಜಿನಲ್ಲಿ ಕಲಿಸಿದ್ದರು.

ಎರಡನೆಯ ಮೈಲಿ ಕೆರೆಯ ಏರಿಯ ಮೇಲಿತ್ತು.

"ಮುಳ್ಳು ಅಲ್ಲಾಡಬಾರದು ಭಾವ," ಎಂದೆ.

"ಅಲ್ಲಾಡ್ತಾ ಇಲ್ಲ," ಎಂದರು ಭಾವ ಹೆಮ್ಮೆಯಿಂದ.

ಏರಿ ಬಲಕ್ಕೆ ತಿರುಗಿತು. ನಾವು ತಿರುಗಲಿಲ್ಲ.

"ಬಂತಲೇ, ಕಲ್ಲು ಬಂತು!" ಎಂದು ಕೂಗಿದ ದೊಡ್ಡಪ್ಪನ ದನಿ ನಡುವೆಯೇ ಬದಲಾಯಿತು. "ಕಲ್ಲಲ್ಲಲೇ, ನೀರೈತಿ, ನೀರು!"

ತಲೆಯೆತ್ತಿದೆ. ಎದುರಿನ ಗಾಜಿನ ತುಂಬ ಕೆರೆ. ಭಾವ ಬ್ರೇಕಿನ ಮೇಲೆ ನಿಂತೇಬಿಟ್ಟರು. ಮುಂದಿನ ಎಡಚಕ್ರ ಗಾಳಿಯಲ್ಲಿ ತಿರುಗುತ್ತಿದ್ದಂತೆ ಲಾರಿಯ ಹೊಟ್ಟೆ ಏರಿಯ ಮಣ್ಣಿಗೆ ಕಚ್ಚಿಕೊಂಡು ನಿಂತಿತು. ನಾನು ಮಾಡಿದ ಸಾಹಸವೆಂದರೆ, ಗಡಿಯಾರವನ್ನು ಒದ್ದೆಯಾಗದಂತೆ ಎತ್ತಿ ಹಿಡಿದದ್ದು. ಭಾವನ ಕಡೆಯ ಬಾಗಿಲಿನಿಂದ ಒಬ್ಬೊಬ್ಬರಾಗಿ, ಉಸಿರು ಬಿಗಿಹಿಡಿದು ಇಳಿದೆವು.

ಕೆಳಗೆ ಎಮ್ಮೆ ತೊಳೆಯುತ್ತಿದ್ದವನು ಕೈ ನಿಲ್ಲಿಸಿ ಕೇಳಿದ, "ಎಂತ ಮಾರಾಯ್ರೆ, ಮೂರು ಜನ ಇದ್ದೀರಿ, ಒಬ್ರಿಗೂ ಕಣ್ಣಿಲ್ವ?"

"ಆರು ಕಣ್ಣಿದ್ವಪ್ಪ," ಎಂದರು ದೊಡ್ಡಪ್ಪ. "ಎಲ್ಲದಕ್ಕೂ ಕೆಲಸ ಇತ್ತು."

ನಾಲ್ಕು ಜೊತೆ ಎತ್ತು ಕಟ್ಟಿ ಲಾರಿಯನ್ನು ಹಿಂದಕ್ಕೆ ಎಳೆಸುವಷ್ಟರಲ್ಲಿ ಸುದ್ದಿ ನಮಗಿಂತ ಮೊದಲು ಮನೆ ಮುಟ್ಟಿತ್ತು. ಅಕ್ಕ ಬೈಯಲಿಲ್ಲ. ಸುಮ್ಮನೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಲಾರಿಯನ್ನು ನೋಡಿದಳು. ಭಾವನಿಗೆ ಅಷ್ಟೇ ಸಾಕಾಯಿತು. ಇನ್ನು ಸ್ಟಿಯರಿಂಗ್ ಮುಟ್ಟುವುದಿಲ್ಲ, ಬೇರೆ ಡ್ರೈವರನ್ನು ಕರೆಯೋಣ ಎಂದರು. ರಾತ್ರಿ ಮಲಗಿದರೆ ನನ್ನ ಬಲಗಾಲು ತಾನಾಗಿ ಬ್ರೇಕು ಒತ್ತುತ್ತಿತ್ತು. ಪಕ್ಕದ ಚಾಪೆಯಲ್ಲಿ ಭಾವನ ಕಾಲೂ ಅದನ್ನೇ ಮಾಡುತ್ತಿತ್ತು. ಒಂದೇ ಕೆರೆಯಿಂದ ಇಬ್ಬರೂ ಸೇರಿ ಎಷ್ಟು ಸಲ ತಪ್ಪಿಸಿಕೊಂಡೆವೋ.

ಭಾನುವಾರ, ಸೋಮವಾರ ಹೀಗೇ ಕಳೆದವು. ಮಂಗಳವಾರ ಹೆಣ್ಣುಮಗಳನ್ನು ಕಳಿಸುವಂತಿರಲಿಲ್ಲ. ಬುಧವಾರ ಅಕ್ಕನೇ ಮಡಿಲು ತುಂಬಿಸಿಕೊಂಡು ಬಂದು ಲಾರಿಯ ಬಾಗಿಲು ಹಿಡಿದಳು.

"ಬೇರೆಯವರು ಓಡಿಸಿದ್ರೆ ನಾ ಬರಾಂಗಿಲ್ಲ. ಹತ್ರಿ," ಎಂದಳು ಭಾವನಿಗೆ. ನನ್ನ ಕಡೆ ತಿರುಗಿ, "ಇಪ್ಪತ್ತಕ್ಕೆ ಮುಳ್ಳು ಎಲ್ಲಿರಬೇಕೋ?"

"ಹದಿನೆಂಟರಲ್ಲಿ," ಎಂದೆ.

ಅಕ್ಕ ಭರಣಿ ತೆರೆದು, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಮೀಟರಿನ ಗಾಜಿನ ಮೇಲೆ ಹದಿನೆಂಟಕ್ಕೆ ಸರಿಯಾಗಿ ಇಟ್ಟಳು. ಆಮೇಲೆ ನನ್ನ ಮುಂದೆ ಕೈ ಚಾಚಿದಳು. "ಆ ಗಡಿಯಾರ ಕೊಡು ಇತ್ಲಾಗೆ. ನೀನು ಹಿಂದೆ, ಲಾರಿಗೆ ಹಾಸಿದ ಹುಲ್ಲಿನ ಮೇಲೆ ಕೂತ್ಕೋ."

ಏರಿ ಬಂದಾಗ ಭಾವನ ದೃಷ್ಟಿ ಅಭ್ಯಾಸಬಲದಿಂದ ಮೀಟರಿಗೆ ಇಳಿಯಿತಂತೆ. ಅಕ್ಕನ ದನಿ ಹಿಂದೆ ಕೂತ ನನಗೂ ಕೇಳಿಸಿತು. "ರೀ, ಕುಂಕುಮ ನಾ ನೋಡ್ತೀನಿ. ನೀವು ರಸ್ತೆ ನೋಡ್ರಿ."

ಏರಿ ಬಲಕ್ಕೆ ತಿರುಗಿತು. ಲಾರಿಯೂ ತಿರುಗಿತು. ಹುಲ್ಲಿನಲ್ಲಿ ಕಣ್ಣು ಮುಚ್ಚಿಕೊಂಡಿದ್ದ ನಾನು ಅದನ್ನು ನೋಡಲಿಲ್ಲ.

ಆ ಬುಧವಾರ ರಾತ್ರಿ ನಮ್ಮ ಮನೆಯ ಪಡಸಾಲೆಯಲ್ಲಿ ಭಾವ ಮತ್ತು ನಾನು ಕಾಲು ಅಲ್ಲಾಡಿಸದೆ ಬೆಳಗಿನವರೆಗೆ ಮಲಗಿದೆವು. ಎದ್ದಾಗ ಬಿಸಿಲು ಅಂಗಳ ದಾಟಿತ್ತು. ಗಂಟೆ ಎಷ್ಟಾಗಿತ್ತೋ ತಿಳಿಯದು. ಗಡಿಯಾರ ಅಕ್ಕನ ಬಳಿ ಇತ್ತು.