ಉತ್ತರ ದಿಕ್ಕಿನ ಬಾವಿ

ದೇಶನೂರಿನ ಶಾಲೆಯಲ್ಲಿ ಹುಲಿಗೆಮ್ಮ ಟೀಚರು ಹತ್ತೊಂಬತ್ತು ವರ್ಷದಿಂದ ಚಿಕ್ಕ ಮಕ್ಕಳಿಗೆ ದಿಕ್ಕು, ನಕಾಶೆ ಕಲಿಸುತ್ತಿದ್ದರು. ಒಂದು ಬೆಳಿಗ್ಗೆ ಅಂಗಳದ ಮಣ್ಣಿನಲ್ಲಿ ಶಾಲೆಯ ನಕಾಶೆ ಬರೆಸುವಾಗ, ಹೊಸದಾಗಿ ಸೇರಿದ್ದ ಮೀನಾ ಉತ್ತರಕ್ಕಿದ್ದ ಆಟದ ಬಯಲಿನಲ್ಲಿ ದುಂಡನೆಯ ಬಾವಿಯೊಂದನ್ನು ಬರೆದಳು.

"ಅಲ್ಲಿ ಬಾವಿ ಎಲ್ಲೈತಿ, ಮೀನಾ?"

"ಐತ್ರಿ ಟೀಚರ್. ಒಳಗ ಒಬ್ಬಾಕಿ ಅದಾಳ. ಆಕಿ ಹೆಸರೂ ಹುಲಿಗೆಮ್ಮ ಅಂತ್ರಿ."

ಬಿಸಿಯೂಟದ ಜಡೆಮ್ಮನ ಕೈಯಲ್ಲಿದ್ದ ಸೌಟು ನಿಂತಿತು. "ಸಾಲಿ ಕಟ್ಟಾಕ ಮೊದಲು ಮುಚ್ಚಿದ ಬಾವಿರಿ ಅದು. ನಮ್ಮಕ್ಕ ಹುಲಿಗೆಮ್ಮ ಅದರಾಗ ಬಿದ್ದು ಸತ್ತಳು. ಈ ಕೂಸಿಗೆ ಯಾರು ಹೇಳಿದ್ರೋ."

ಟೀಚರು ಅಂದೇ ಬಯಲಿಗೆ ಮುಳ್ಳಿನ ಬೇಲಿ ಹಾಕಿಸಿದರು. ಮರುವಾರದ ಮಳೆಗೆ ಬೇಲಿಯೊಳಗಿನ ನೆಲ ದುಂಡಗೆ ಕುಸಿಯಿತು.

ಜಡೆಮ್ಮ ಬೇಲಿಯಾಚೆ ಬಾಗಿ, "ಹುಲಿಗೆಕ್ಕಾ" ಎಂದು ಕರೆದಳು. ಪಕ್ಕದಲ್ಲಿದ್ದ ಟೀಚರ ಬಾಯಿಗೆ "ಓ" ಬಂದೇಬಿಟ್ಟಿತ್ತು. ತುಟಿ ಕಚ್ಚಿ ಹಿಡಿದರು.